ಒಂದೂವರೆ ಕಿಲೋ ಉಪ್ಪಿನ ಲೆಕ್ಕ

ಕಳೆದ ತಿಂಗಳು ಊರಿಗೆ ಹೋದಾಗ ದೊಡ್ಡಪ್ಪ ಜಗಲಿಯ ಮೇಲೆ ಕೂತು ಲ್ಯಾಬ್ ರಿಪೋರ್ಟು ಓದುತ್ತಿದ್ದರು. ವಯಸ್ಸು 71. ಹತ್ತು ವರ್ಷದಿಂದ ಬಿಪಿ ಮಾತ್ರೆ, ಆರು ವರ್ಷದಿಂದ ಶುಗರ್ ಮಾತ್ರೆ. ನನ್ನನ್ನು ನೋಡಿದ್ದೇ ಹಾಳೆಯನ್ನು ಮುಖದ ಮುಂದೆ ಹಿಡಿದರು.

"ನೋಡೋ ಮಗ, ಸೋಡಿಯಂ 139. 135ರಿಂದ 145ರೊಳಗಿದ್ರೆ ನಾರ್ಮಲ್ ಅಂತ ಅವರೇ ಪ್ರಿಂಟ್ ಹಾಕವ್ರೆ. ನಿಮ್ಮ ದೊಡ್ಡಮ್ಮ ಸುಮ್ನೆ ಉಪ್ಪಿನಕಾಯಿ ಭರಣಿ ಬಚ್ಚಿಡ್ತಾಳೆ."

ಒಳಗಿನಿಂದ ದೊಡ್ಡಮ್ಮನ ದನಿ ಬಂತು: "ಬಿಪಿ 160 ಬಂದಿತ್ತಲ್ಲ, ಅದನ್ನೂ ಹೇಳಿ ಅವನಿಗೆ."

ಇಬ್ಬರ ಮಾತೂ ನಿಜ. ರಕ್ತದಲ್ಲಿ ಸೋಡಿಯಂ ಕರಾರುವಾಕ್ಕಾಗಿ ಇರುವಾಗಲೇ ಉಪ್ಪು ಒಬ್ಬರ ಬಿಪಿ ಏರಿಸುತ್ತಿರಬಹುದು. ಇದು ವಿಚಿತ್ರವಾಗಿ ಕಂಡರೆ ಅದಕ್ಕೆ ಕಾರಣ, ಮೂತ್ರಪಿಂಡ ಉಪ್ಪನ್ನು ಏನು ಮಾಡುತ್ತದೆ ಎಂಬುದರ ಬಗ್ಗೆ ನಮ್ಮಲ್ಲಿ ಬಹುಪಾಲು ಜನ ತಿಳಿದಿರುವುದು ತಲೆಕೆಳಗಾಗಿದೆ. ಈಗ ಅಂಗಡಿಗಳಲ್ಲಿ 'ಲೋ ಸೋಡಿಯಂ' ಉಪ್ಪಿನ ಪ್ಯಾಕೆಟ್ಟುಗಳು ಸಾಲಾಗಿ ಕೂತಿವೆ. ಮೂತ್ರದಲ್ಲಿ ಸಕ್ಕರೆ ಹರಿಸುವ ಹೊಸ ಮಾತ್ರೆಗಳ ಬೆಲೆ ಇಳಿದು ಹಳ್ಳಿಯ ಮೆಡಿಕಲ್ ಶಾಪಿಗೂ ಬಂದಿವೆ. ಎರಡನ್ನೂ ಕೊಳ್ಳುವ ಮೊದಲು ಈ ತಲೆಕೆಳಗನ್ನು ನೆಟ್ಟಗೆ ಮಾಡಿಕೊಳ್ಳುವುದು ಒಳ್ಳೆಯದು.

ತಪ್ಪು ಹೆಸರಿನಲ್ಲೇ ಶುರುವಾಗುತ್ತದೆ. ಶಾಲೆಯ ಪುಸ್ತಕ ಕಿಡ್ನಿಗೆ ಮೂತ್ರಜನಕಾಂಗ ಎಂದು ಕಲಿಸಿತು. ಮೂತ್ರ ಹುಟ್ಟಿಸುವ ಅಂಗ ಎಂದ ಮೇಲೆ ಅದರ ಕೆಲಸ ಹೊರಹಾಕುವುದೇ ಇರಬೇಕು ಅನ್ನಿಸುವುದು ಸಹಜ. ಆದರೆ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ಆರೋಗ್ಯವಂತ ವಯಸ್ಕರ ಎರಡು ಕಿಡ್ನಿಗಳು ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವ ಸೋಸುತ್ತವೆ. ಮೈಯಲ್ಲಿರುವ ರಕ್ತದ ನೀರಿನ ಭಾಗ ಮೂರು ಲೀಟರಿನಷ್ಟು. ಅದೇ ಮೂರು ಲೀಟರ್ ದಿನಕ್ಕೆ ಅರವತ್ತು ಸಲ ಜರಡಿಗೆ ಬೀಳುತ್ತದೆ. ಲೀಟರಿಗೆ 140 ಮಿಲಿಮೋಲ್ (ಕಣಗಳನ್ನು ಎಣಿಸುವ ಅಳತೆ) ಸೋಡಿಯಂ ಎಂದರೆ ದಿನಕ್ಕೆ 25,200 ಮಿಲಿಮೋಲ್. ಅಡುಗೆ ಉಪ್ಪಿನ ತೂಕಕ್ಕೆ ಇಳಿಸಿದರೆ ಸುಮಾರು 1,470 ಗ್ರಾಂ. ಅಂಗಡಿಯ ಒಂದು ಕಿಲೋ ಪ್ಯಾಕೆಟ್ ಒಡೆದು ಸುರಿದು, ಇನ್ನೊಂದರಲ್ಲಿ ಅರ್ಧ ಸೇರಿಸಿದಷ್ಟು. ಮೈಯಲ್ಲಿ ಅಷ್ಟು ಉಪ್ಪು ಒಮ್ಮೆಗೇ ಇರುವುದಿಲ್ಲ, ಇದ್ದದ್ದೇ ಮತ್ತೆ ಮತ್ತೆ ಸುತ್ತಿ ಬರುತ್ತದೆ.

ಈ ಒಂದೂವರೆ ಕಿಲೋದಲ್ಲಿ ಮೂತ್ರದಲ್ಲಿ ಹೊರಹೋಗುವುದು ಹೆಚ್ಚುಕಡಿಮೆ ನಾವು ಆ ದಿನ ತಿಂದಷ್ಟೇ: ಎಂಟೋ ಹತ್ತೋ ಗ್ರಾಂ, ಎರಡು ಟೀ ಚಮಚ. ಉಳಿದದ್ದೆಲ್ಲ, ಶೇ 99ಕ್ಕಿಂತ ಹೆಚ್ಚು, ವಾಪಸ್ ರಕ್ತಕ್ಕೆ. ಹಾಗೆ ನೋಡಿದರೆ ಇದು ಉಪ್ಪು ಎಸೆಯುವ ಅಂಗವಲ್ಲ, ಉಪ್ಪನ್ನು ಕೈಬಿಡದೆ ಹಿಡಿಯುವ ಅಂಗ. ಈ ಲೆಕ್ಕದಲ್ಲಿ ಶೇ 1ರಷ್ಟು ಆಚೀಚೆಯಾದರೆ ಎಷ್ಟು ಗೊತ್ತೇ? 15 ಗ್ರಾಂ ಉಪ್ಪು, ಮೂರು ಚಮಚ. ಬಿಪಿ, ಕಾಲಿನ ಬಾವು, ಮಾತ್ರೆ, ಪಥ್ಯ, ಇವೆಲ್ಲದರ ಜಗಳ ನಡೆಯುವುದು ಆ ಕೊನೆಯ ಒಂದೆರಡು ಚಮಚದ ಮೇಲೆ.

ಕಪ್ಪೆಯ ಸಾಕ್ಷಿ

ಮೊದಲು ಸೋಸಿ ಆಮೇಲೆ ವಾಪಸ್ ಎಳೆದುಕೊಳ್ಳುತ್ತದೆ ಎಂಬುದು ಬಹುಕಾಲ ಬರೀ ಊಹೆ. ಜರ್ಮನಿಯ ಕಾರ್ಲ್ ಲುಡ್ವಿಗ್ 1842ರಲ್ಲೇ ಹೀಗಿರಬೇಕು ಎಂದಿದ್ದ. ಕಣ್ಣಾರೆ ತೋರಿಸಿದ್ದು 1924ರಲ್ಲಿ, ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಜೋಸೆಫ್ ವೇರ್ನ್ ಮತ್ತು ಎ.ಎನ್. ರಿಚರ್ಡ್ಸ್. ಕಪ್ಪೆಯ ಕಿಡ್ನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು, ಕೂದಲಿಗಿಂತ ಸಪೂರ ತುದಿಯ ಗಾಜಿನ ಕೊಳವೆಯನ್ನು ರಕ್ತ ಸೋಸುವ ಪುಟ್ಟ ರಕ್ತನಾಳಗಳ ಉಂಡೆಯ ಸುತ್ತಲಿನ ಚೀಲಕ್ಕೆ ಚುಚ್ಚಿ, ಅಲ್ಲಿ ಆಗಷ್ಟೇ ಸೋಸಿ ಇಳಿದ ದ್ರವದ ಹನಿ ಹೀರಿದರು. ಅದರಲ್ಲಿ ಸಕ್ಕರೆಯೂ ಇತ್ತು, ಉಪ್ಪಿನ ಕ್ಲೋರೈಡೂ ಇತ್ತು. ಅದೇ ಕಪ್ಪೆಯ ಮೂತ್ರಕೋಶದಲ್ಲಿದ್ದ ಮೂತ್ರದಲ್ಲಿ ಎರಡೂ ಇರಲಿಲ್ಲ. ಅಂದ ಮೇಲೆ ನಡುದಾರಿಯಲ್ಲಿ ಯಾರೋ ಎತ್ತಿಕೊಂಡಿರಲೇಬೇಕು.

ಎಲ್ಲವನ್ನೂ ಹೊರಚೆಲ್ಲಿ ಮತ್ತೆ ಬಾಚಿಕೊಳ್ಳುವುದು ದಡ್ಡತನದಂತೆ ಕಾಣುತ್ತದೆ. ಆದರೆ ಯುಗಾದಿಗೆ ಮನೆ ಸ್ವಚ್ಛ ಮಾಡುವವರು ಏನು ಮಾಡುತ್ತಾರೆ? ಅಟ್ಟದ ಮೇಲೆ ಒಂದೊಂದೇ ಕಸ ಹುಡುಕುತ್ತಾ ಕೂರುವುದಿಲ್ಲ. ಸಾಮಾನೆಲ್ಲ ಅಂಗಳಕ್ಕೆ ಇಳಿಸಿ, ಗುರುತಿರುವ, ಬೇಕಾದ ಸಾಮಾನು ಮಾತ್ರ ಒಳಗೆ ತರುತ್ತಾರೆ. ಮಿಕ್ಕದ್ದು ತಿಪ್ಪೆಗೆ. ಹೊಸದೊಂದು ವಿಷ ಮೈಗೆ ಸೇರಿದರೆ ಕಿಡ್ನಿ ಅದನ್ನು ಗುರುತಿಸಬೇಕಾಗಿಯೇ ಇಲ್ಲ. ವಾಪಸ್ ಕರೆಯದಿದ್ದರೆ ಸಾಕು. ಈ ಪದ್ಧತಿಯ ಅನುಕೂಲ ದೊಡ್ಡದು. ಅದಕ್ಕೆ ತೆರುವ ಬೆಲೆಯೂ ಹಾಗೇ ಇದೆ. ಎರಡೂ ಕಿಡ್ನಿ ಸೇರಿ 300 ಗ್ರಾಂ ತೂಗುವುದು ಕಷ್ಟ, ಆದರೆ ಹೃದಯ ತಳ್ಳುವ ರಕ್ತದ ಐದನೆಯ ಒಂದು ಭಾಗ ಅವಕ್ಕೇ ಹೋಗುತ್ತದೆ. ಅವು ಸುಡುವ ಆಮ್ಲಜನಕದ ಸಿಂಹಪಾಲು ಖರ್ಚಾಗುವುದು ಸೋಡಿಯಂ ಎತ್ತುವ ಕೂಲಿಗೆ.

ಕಾಲುವೆ, ತೂಬು, ನೀರುಗಂಟಿ

ಒಂದೊಂದು ಕಿಡ್ನಿಯಲ್ಲಿ ಸುಮಾರು ಹತ್ತು ಲಕ್ಷ ನೆಫ್ರಾನ್. ಒಂದೊಂದು ನೆಫ್ರಾನ್ ಒಂದೊಂದು ಕಾಲುವೆ ಎಂದುಕೊಳ್ಳಿ. ತಲೆಯಲ್ಲಿ ಸೋಸುವ ಉಂಡೆ, ಅಲ್ಲಿಂದ ಸುರುಳಿ ಸುತ್ತಿ, ಕೆಳಗಿಳಿದು ಮೇಲೇರಿ, ಮತ್ತೆ ಸುರುಳಿ ಸುತ್ತಿ ದೊಡ್ಡ ನಾಲೆಗೆ ಸೇರುವ ದಾರಿ. ಕಾಲುವೆಯ ಗೋಡೆ ಎಂದರೆ ಒಂದು ಸಾಲು ಜೀವಕೋಶ. ಪ್ರತಿ ಕೋಶಕ್ಕೆ ಎರಡು ಮುಖ: ಮುಂಬಾಗಿಲು ಕಾಲುವೆಯ ಕಡೆಗೆ, ಹಿತ್ತಿಲ ಬಾಗಿಲು ರಕ್ತದ ಕಡೆಗೆ.

ಕೆಲಸದ ಯಂತ್ರ ಇರುವುದು ಹಿತ್ತಿಲಲ್ಲಿ. ಒಂದು ಪಂಪು ಕೋಶದೊಳಗಿನ ಮೂರು ಸೋಡಿಯಂ ಹೊರತಳ್ಳಿ ಎರಡು ಪೊಟ್ಯಾಸಿಯಂ ಒಳಗೆಳೆಯುತ್ತದೆ, ಪ್ರತಿ ಸಲಕ್ಕೂ ಒಂದು ಎಟಿಪಿ, ಅಂದರೆ ಕೋಶದ ಇಂಧನದ ಒಂದು ಕಣ, ಖರ್ಚು. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಇದನ್ನು ಕಂಡುಹಿಡಿದದ್ದು ಕಿಡ್ನಿಯಲ್ಲಲ್ಲ, ಏಡಿಯ ಕಾಲಿನ ನರದಲ್ಲಿ. ನೊಬೆಲ್ ಬಂದದ್ದು ನಲವತ್ತು ವರ್ಷದ ಮೇಲೆ, 1997ರಲ್ಲಿ. ಪಂಪು ಕಾಲುವೆಯ ಉಪ್ಪನ್ನು ಮುಟ್ಟುವುದೇ ಇಲ್ಲ ಎನ್ನುವುದನ್ನು ಗಮನಿಸಬೇಕು. ಅದು ಕೋಶದ ಒಳಗನ್ನು ಸದಾ ಬರಿದು ಮಾಡುತ್ತಿರುತ್ತದೆ, ಅಷ್ಟೇ. ಒಳಗೆ ಸೋಡಿಯಂ ಕಡಿಮೆ, ಕಾಲುವೆಯಲ್ಲಿ ಹೆಚ್ಚು. ಹಾಗಾಗಿ ಮುಂಬಾಗಿಲಲ್ಲಿ ತೂಬು ತೆರೆದಿದ್ದರೆ ಸೋಡಿಯಂ ತಾನಾಗಿ ಇಳಿದು ಬರುತ್ತದೆ. ಕಾಲುವೆಯ ಉದ್ದಕ್ಕೂ ಪಂಪು ಒಂದೇ ಬಗೆಯದು. ತೂಬು ಮಾತ್ರ ಊರಿಗೊಂದು ಥರ.

ಮೊದಲ ಸುರುಳಿಯಲ್ಲೇ ಮೂರರಲ್ಲಿ ಎರಡು ಪಾಲು, ಅಂದರೆ ಹತ್ತಿರಹತ್ತಿರ ಒಂದು ಕಿಲೋ ಉಪ್ಪು, ಹಿಂದಿರುಗುತ್ತದೆ. ನೀರೂ ಅದರ ಹಿಂದೆಯೇ ಹೋಗುತ್ತದೆ. ಇಲ್ಲಿಯ ತೂಬುಗಳಲ್ಲಿ ಸೋಡಿಯಂ ಒಂಟಿಯಾಗಿ ಬರುವುದಿಲ್ಲ. ಒಂದರಲ್ಲಿ ಆಮ್ಲದ ಕಣವನ್ನು ಆಚೆ ತಳ್ಳಿ ತಾನು ಒಳಬರುತ್ತದೆ. ಇನ್ನೊಂದರಲ್ಲಿ ಸಕ್ಕರೆಯ ಕೈ ಹಿಡಿದು ಬರುತ್ತದೆ. ಸೋಡಿಯಂ ಇಳಿಜಾರಿನಲ್ಲಿ ಜಾರುವಾಗ ಸಕ್ಕರೆಗೆ ಬಿಟ್ಟಿ ಸವಾರಿ. ಕರುಳಿನಲ್ಲೂ ಇದೇ ಜೋಡಿ ಕೆಲಸ ಮಾಡುತ್ತದೆ. ವಾಂತಿಭೇದಿಯಾದ ಮಗುವಿಗೆ ಬರೀ ಉಪ್ಪುನೀರು ಕೊಟ್ಟರೆ ಸಾಲದು, ಸಕ್ಕರೆಯೂ ಬೇಕು ಎನ್ನುವುದು ಇದಕ್ಕೇ. ಓಆರ್‌ಎಸ್ ಪುಡಿಯಲ್ಲಿ ಲೀಟರಿಗೆ ಸೋಡಿಯಂ 75, ಗ್ಲುಕೋಸ್ 75 ಮಿಲಿಮೋಲ್ ಎಂದು ಸರಿಸಮ ಇಟ್ಟಿರುವುದೂ ಇದಕ್ಕೇ. ಅದಕ್ಕಿಂತ ಎಷ್ಟೋ ಪಟ್ಟು ಸಕ್ಕರೆ ಸುರಿದ ಬಣ್ಣದ ಜ್ಯೂಸನ್ನು ಓಆರ್‌ಎಸ್ ಹೆಸರಲ್ಲಿ ಮಾರುತ್ತಿದ್ದದ್ದು ಬರೀ ಲೇಬಲ್ಲಿನ ತಪ್ಪಲ್ಲ. ಸಕ್ಕರೆ ಮಿತಿಮೀರಿದರೆ ಕರುಳು ನೀರನ್ನು ಹೀರುವ ಬದಲು ಬಿಟ್ಟುಕೊಡುತ್ತದೆ.

ಆಮೇಲೆ ಕಾಲುವೆ ಕಿಡ್ನಿಯ ಒಳಭಾಗಕ್ಕೆ ಇಳಿದು ತಿರುಗಿ ಮೇಲೇರುತ್ತದೆ. ಏರುವ ದಪ್ಪ ಭಾಗದಲ್ಲಿ ಕಾಲು ಪಾಲು ಉಪ್ಪು ವಾಪಸ್. ಕಾಲು ಊದಿದಾಗ ಕೊಡುವ ಫ್ಯುರೋಸೆಮೈಡ್ ಮಾತ್ರೆ ಇಲ್ಲಿಯ ತೂಬಿಗೆ ಬೀಗ ಹಾಕುತ್ತದೆ. ಅಷ್ಟು ದೊಡ್ಡ ತೂಬು ಮುಚ್ಚಿದರೆ ಮೂತ್ರ ಧೋ ಎಂದು ಬರದೆ ಇನ್ನೇನು? ಈ ಜಾಗದ ಇನ್ನೊಂದು ಗುಟ್ಟು, ಇಲ್ಲಿ ಕೂಲಿ ಭಾರಿ, ಆಮ್ಲಜನಕದ ಸರಬರಾಜು ಮಾತ್ರ ಅಂಚಿನಲ್ಲಿದೆ. ಮೈ ಒಣಗಿದಾಗ, ರಕ್ತದೊತ್ತಡ ಕುಸಿದಾಗ ಮೊದಲು ಏಟು ಬೀಳುವ ಜಾಗಗಳಲ್ಲಿ ಇದೂ ಒಂದು. ಮಂಡಿನೋವಿಗೆ ದಿನಾ ನುಂಗುವ ಡೈಕ್ಲೋಫೆನಾಕ್‌ನಂಥ ಮಾತ್ರೆಗಳು ಕಿಡ್ನಿಗೆ ರಕ್ತ ಸಲೀಸಾಗಿ ಬರಲು ನೆರವಾಗುವ ರಾಸಾಯನಿಕಗಳನ್ನೇ ಕಟ್ಟಿಹಾಕುತ್ತವೆ, ಉಪ್ಪನ್ನೂ ಹಿಡಿದಿಡುತ್ತವೆ. ಬಿಪಿ ಮಾತ್ರೆ ಕೇಳುತ್ತಿಲ್ಲ ಎನ್ನುವವರ ಮನೆಯ ಡ್ರಾಯರಿನಲ್ಲಿ ನೋವಿನ ಮಾತ್ರೆಯ ಸ್ಟ್ರಿಪ್ಪು ಎಷ್ಟು ಸಲ ಸಿಗುತ್ತದೋ! ದೊಡ್ಡಪ್ಪನ ಡ್ರಾಯರಿನಲ್ಲೂ ಸಿಕ್ಕಿತು.

ಮುಂದಿನ ಸುರುಳಿಯಲ್ಲಿ ಶೇ 5ರ ಆಸುಪಾಸು. ಕ್ಲೋರ್ತಾಲಿಡೋನ್, ಹೈಡ್ರೋಕ್ಲೋರೋಥಯಾಜೈಡ್ ಮುಂತಾದ ಥಯಾಜೈಡ್ ಜಾತಿಯ ಬಿಪಿ ಮಾತ್ರೆಗಳು ಬೀಗ ಹಾಕುವುದು ಇಲ್ಲಿ. ಕೊನೆಗೆ ದೊಡ್ಡ ನಾಲೆಯಲ್ಲಿ ಉಳಿದ ಶೇ 2-3. ಪ್ರಮಾಣ ಅತಿ ಚಿಕ್ಕದು, ಅಧಿಕಾರ ಅತಿ ದೊಡ್ಡದು. ಕೆರೆಯ ನೀರು ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ನಿರ್ಧರಿಸುವ ನೀರುಗಂಟಿ ಕೂತಿರುವುದು ಇಲ್ಲೇ. ಅವನ ಹೆಸರು ಅಲ್ಡೋಸ್ಟೆರೋನ್, ಕಿಡ್ನಿಯ ನೆತ್ತಿಯ ಮೇಲಿರುವ ಗ್ರಂಥಿಯ ಹಾರ್ಮೋನು. ಮೈಯಲ್ಲಿ ಉಪ್ಪು, ನೀರು ಕಡಿಮೆಯಾಗಿದೆ ಎಂದು ಸುದ್ದಿ ಬಂದರೆ ಇವನು ತೂಬುಗಳ ಸಂಖ್ಯೆ ಏರಿಸಿ ಕೊನೆಯ ಹರಳನ್ನೂ ಬಿಡದೆ ಎಳೆದುಕೊಳ್ಳುತ್ತಾನೆ.

ಎಷ್ಟರ ಮಟ್ಟಿಗೆ ಬಿಡದೆ? ಅಮೆಜಾನ್ ಕಾಡಿನ ಯಾನೊಮಾಮಿ ಜನ ಅಡುಗೆಗೆ ಉಪ್ಪನ್ನೇ ಹಾಕುವುದಿಲ್ಲ. 32 ದೇಶಗಳ ಹತ್ತು ಸಾವಿರ ಜನರ ಮೂತ್ರ ಅಳೆದ ಇಂಟರ್‌ಸಾಲ್ಟ್ ಅಧ್ಯಯನ 1988ರಲ್ಲಿ ಹೊರಬಂದಾಗ, ಯಾನೊಮಾಮಿಗಳ ದಿನದ ಮೂತ್ರದಲ್ಲಿ ಸೋಡಿಯಂ 1 ಮಿಲಿಮೋಲ್ ಆಸುಪಾಸು ಮಾತ್ರ ಸಿಕ್ಕಿತು. ಉಪ್ಪಿನ ಲೆಕ್ಕದಲ್ಲಿ ಒಂದು ಚಿಟಿಕೆಗೂ ಕಡಿಮೆ. ಬಿಪಿ ಸರಾಸರಿ 95/61, ವಯಸ್ಸಾದರೂ ಏರುವುದಿಲ್ಲ. ನಮ್ಮೆಲ್ಲರ ಕಿಡ್ನಿ ತಯಾರಾದದ್ದು ಇಂಥ ಉಪ್ಪಿಲ್ಲದ ಲೋಕಕ್ಕೆ. ಬರಗಾಲದಲ್ಲಿ ಬೆಳೆದ ಅಜ್ಜಿಯಂತೆ ಅದಕ್ಕೆ ಕೂಡಿಡುವುದು ರಕ್ತಗತ. ಅದನ್ನು ಉಪ್ಪಿನಕಾಯಿ, ಹಪ್ಪಳ, ಬೇಕರಿ ಖಾರದ ನಡುವೆ ತಂದು ಕೂರಿಸಿದ್ದೇವೆ.

139 ಏಕೆ ಸುಳ್ಳು ಹೇಳುವುದಿಲ್ಲ, ನಿಜವನ್ನೂ ಹೇಳುವುದಿಲ್ಲ

'ಉಪ್ಪು ತಿಂದವನು ನೀರು ಕುಡಿಯಲೇಬೇಕು' ಎಂಬ ಗಾದೆಯನ್ನು ನಾವು ಮಾಡಿದ್ದುಣ್ಣುವುದಕ್ಕೆ ಬಳಸುತ್ತೇವೆ. ಅದರ ಅಕ್ಷರಾರ್ಥವೇ ಒಳ್ಳೆಯ ಶರೀರಶಾಸ್ತ್ರ. ಉಪ್ಪು ಹೆಚ್ಚಾದ ಕೂಡಲೇ ಬಾಯಾರಿಕೆ, ಜತೆಗೆ ನೀರು ಹಿಡಿದಿಡುವ ಹಾರ್ಮೋನು. ಸುಮಾರು 9 ಗ್ರಾಂ ಉಪ್ಪು ಮೈಯಲ್ಲಿ ಉಳಿದರೆ ಅದರ ಜೊತೆ ಒಂದು ಲೀಟರ್ ನೀರೂ ಉಳಿಯುತ್ತದೆ. ಸಾರಿಗೆ ಉಪ್ಪು ಜಾಸ್ತಿಯಾದರೆ ನೀರು ಹೊಯ್ದು ಸರಿಮಾಡುವಂತೆ. ರುಚಿ ಮೊದಲಿನಷ್ಟೇ, ಪಾತ್ರೆ ಮಾತ್ರ ತುಂಬಿ ಉಕ್ಕುತ್ತಿದೆ. ಲ್ಯಾಬು ನೋಡುವುದು ರುಚಿಯನ್ನು, ಅಂದರೆ ಲೀಟರಿಗೆ ಎಷ್ಟು ಎಂಬುದನ್ನು. ಪಾತ್ರೆ ಎಷ್ಟು ತುಂಬಿದೆ ಎಂದು ಅದಕ್ಕೆ ತಿಳಿಯದು. ಅದನ್ನು ಹೇಳುವುದು ಬಿಪಿ ಪಟ್ಟಿ, ತೂಕದ ಯಂತ್ರ, ಕಣಕಾಲಿನ ಮೇಲೆ ಬೆರಳೊತ್ತಿದರೆ ಉಳಿಯುವ ಗುಳಿ.

ಇದರ ಇನ್ನೊಂದು ಮಗ್ಗುಲೂ ಇದೆ. ವಯಸ್ಸಾದವರು, ಅದರಲ್ಲೂ ಹೆಂಗಸರು, ಥಯಾಜೈಡ್ ಜಾತಿಯ ಬಿಪಿ ಮಾತ್ರೆ ತೆಗೆದುಕೊಳ್ಳುವಾಗ ಸೋಡಿಯಂ 120ಕ್ಕೆ ಇಳಿದು, ಮಾತು ತೊದಲಿ ಆಸ್ಪತ್ರೆ ಸೇರುವುದುಂಟು. ಮನೆಯವರು ತಕ್ಷಣ "ಉಪ್ಪು ಬಿಡಿಸಿದ್ದೇ ತಪ್ಪಾಯ್ತು" ಎನ್ನುತ್ತಾರೆ. ಬಹಳ ಸಲ ಅಲ್ಲಿ ಹೆಚ್ಚಾಗಿರುವುದು ನೀರು. ಆ ಮಾತ್ರೆ ಬೀಗ ಹಾಕುವ ಸುರುಳಿಯೇ ಮೂತ್ರವನ್ನು ತೆಳು ಮಾಡುವ ಜಾಗ. ಅದು ಮುಚ್ಚಿದ ಮೇಲೆ ಕುಡಿದ ನೀರನ್ನು ಹೊರಹಾಕುವ ದಾರಿ ಕಿರಿದಾಗುತ್ತದೆ. ರಿಪೋರ್ಟಿನ ಆ ಒಂದು ಅಂಕಿ ನೀರಿನ ಕಥೆ ಹೇಳುತ್ತದೆ, ಉಪ್ಪಿನದಲ್ಲ.

ಬಿಪಿಗೂ ಕಿಡ್ನಿಗೂ ಇರುವ ನಂಟು ಎಷ್ಟು ಗಟ್ಟಿ ಎಂಬುದಕ್ಕೆ ಒಬ್ಬ ರೋಗಿಯ ಕಥೆ ಸಾಕು. 1963ರಲ್ಲಿ ಅಮೆರಿಕದ ವೈದ್ಯ ಗ್ರಾಂಟ್ ಲಿಡಲ್ ಒಂದು ಕುಟುಂಬವನ್ನು ವರ್ಣಿಸಿದರು. ಎಳೆಯ ವಯಸ್ಸಿಗೇ ಭಾರಿ ಬಿಪಿ, ಆದರೆ ಅಲ್ಡೋಸ್ಟೆರೋನ್ ಇಲ್ಲವೆನ್ನುವಷ್ಟು ಕಡಿಮೆ. ನೀರುಗಂಟಿ ಮನೆಯಲ್ಲೇ ಇದ್ದಾನೆ, ತೂಬು ಮಾತ್ರ ತೆರೆದೇ ಇದೆ. ಮೂವತ್ತು ವರ್ಷದ ನಂತರ ಆ ತೂಬಿನ ಜೀನಿನಲ್ಲೇ ದೋಷ ಸಿಕ್ಕಿತು: ಮುಚ್ಚುವ ಹಿಡಿಕೆಯೇ ಮುರಿದಿತ್ತು. ಈ ನಡುವೆ ಆ ಕುಟುಂಬದ ಮೊದಲ ರೋಗಿಗೆ ಕಿಡ್ನಿ ಕೆಟ್ಟು ಬೇರೆಯವರ ಕಿಡ್ನಿ ಕಸಿಯಾಯಿತು. ಬಿಪಿ ಸರಿಹೋಯಿತು. ಹೃದಯ ಅದೇ, ರಕ್ತನಾಳ ಅವೇ, ಬದಲಾದದ್ದು ಕಿಡ್ನಿ ಒಂದೇ.

ಸಕ್ಕರೆಯ ತೂಬು ಮುಚ್ಚಿದಾಗ

2025ರ ಮಾರ್ಚಿನಲ್ಲಿ ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಯ ಪೇಟೆಂಟು ಭಾರತದಲ್ಲಿ ಮುಗಿಯಿತು. ಒಂದಕ್ಕೆ 60 ರೂಪಾಯಿಯ ಹತ್ತಿರವಿದ್ದ ಮಾತ್ರೆ ಕೆಲವೇ ದಿನದಲ್ಲಿ 10 ರೂಪಾಯಿಯ ಒಳಗೂ ಸಿಗತೊಡಗಿತು. ಅದರ ಅಣ್ಣ ಡಾಪಾಗ್ಲಿಫ್ಲೋಜಿನ್ 2020ರಲ್ಲೇ ಅಗ್ಗವಾಗಿತ್ತು. ಇವು ಮೊದಲ ಸುರುಳಿಯಲ್ಲಿ ಸೋಡಿಯಂ ಸಕ್ಕರೆಯ ಕೈ ಹಿಡಿದು ಬರುವ ತೂಬನ್ನು ಮುಚ್ಚುತ್ತವೆ. ಸಕ್ಕರೆ ಮೂತ್ರದಲ್ಲಿ ಹೋಗುತ್ತದೆ, ರಕ್ತದ ಶುಗರ್ ಇಳಿಯುತ್ತದೆ. ಇಷ್ಟಕ್ಕೆ ಎಂದೇ ಮಾರುಕಟ್ಟೆಗೆ ಬಂದ ಔಷಧ.

ಆದರೆ ಅದರ ನಿಜವಾದ ಕರಾಮತ್ತು ಸಕ್ಕರೆಯಲ್ಲಿಲ್ಲ, ಅದರ ಜತೆಗಾರ ಸೋಡಿಯಂನಲ್ಲಿದೆ. ಕಾಲುವೆ ಮೇಲೇರಿ ಬಂದಾಗ ತಾನು ಹೊರಟ ಅದೇ ಸೋಸುವ ಉಂಡೆಯ ಬಾಗಿಲಿಗೆ ತಾಗಿಕೊಂಡೇ ಹಾದುಹೋಗುತ್ತದೆ. ಅಲ್ಲಿ ಕೆಲವು ಕಾವಲು ಕೋಶಗಳು ಹರಿದುಬಂದ ಉಪ್ಪಿನ ರುಚಿ ನೋಡುತ್ತವೆ. ಉಪ್ಪು ಜಾಸ್ತಿ ಬಂದರೆ 'ಸೋಸುವುದು ಅತಿಯಾಯಿತು' ಎಂದು ಉಂಡೆಗೆ ಬರುವ ರಕ್ತನಾಳವನ್ನು ಬಿಗಿಹಿಡಿಯುತ್ತವೆ. ಕಡಿಮೆ ಬಂದರೆ ಸಡಿಲ ಬಿಡುತ್ತವೆ. ಸೀದಾ ಸರಳ ಏರ್ಪಾಡು.

ಶುಗರ್ ಇರುವವರಲ್ಲಿ ಈ ಏರ್ಪಾಡು ಮೋಸಹೋಗುತ್ತದೆ. ಸೋಸಿ ಬಂದ ದ್ರವದಲ್ಲಿ ಸಕ್ಕರೆ ವಿಪರೀತ, ಹಾಗಾಗಿ ಮೊದಲ ಸುರುಳಿ ಸಕ್ಕರೆ ಎಳೆಯುವ ಭರದಲ್ಲಿ ಸೋಡಿಯಂ ಕೂಡ ಹೆಚ್ಚಾಗಿ ಎಳೆದುಕೊಂಡುಬಿಡುತ್ತದೆ. ಮುಂದೆ ಕಾವಲುಗಾರನ ಹತ್ತಿರ ಬರುವ ಉಪ್ಪು ಕಡಿಮೆ. 'ಅಯ್ಯೋ, ಸೋಸುವುದೇ ನಿಂತಿತಲ್ಲ' ಎಂದು ಅವನು ರಕ್ತನಾಳವನ್ನು ಇನ್ನಷ್ಟು ಸಡಿಲಿಸುತ್ತಾನೆ. ಉಂಡೆಯೊಳಗೆ ಒತ್ತಡ ಏರುತ್ತದೆ, ಜರಡಿ ವರ್ಷಗಟ್ಟಲೆ ಆ ಹೊಡೆತ ತಿಂದು ಹರಿಯುತ್ತದೆ, ಮೂತ್ರದಲ್ಲಿ ಪ್ರೋಟೀನು ಸೋರಲು ಶುರು. ಶುಗರ್‌ನಿಂದ ಕಿಡ್ನಿ ಹೋಯಿತು ಎನ್ನುವುದರ ಹಿಂದೆ ಹೀಗೆ ತಪ್ಪು ಸುದ್ದಿ ಕೇಳಿದ ಕಾವಲುಗಾರನ ಪಾಲೂ ಇದೆ.

ಮಾತ್ರೆ ಆ ತೂಬು ಮುಚ್ಚಿದರೆ ಸೋಡಿಯಂ ಮತ್ತೆ ಕಾವಲುಗಾರನವರೆಗೆ ತಲುಪುತ್ತದೆ. ರಕ್ತನಾಳ ಬಿಗಿಯಾಗುತ್ತದೆ, ಜರಡಿಗೆ ಉಸಿರು ಬರುತ್ತದೆ. ಶುಗರ್ ಇಲ್ಲದ ಕಿಡ್ನಿ ರೋಗಿಗಳಿಗೂ ಇದು ಲಾಭವೇ ಎಂದು 2020ರ ಡಾಪಾ-ಸಿಕೆಡಿ ಪ್ರಯೋಗ ತೋರಿಸಿತು. 4,304 ಜನರ ಆ ಪ್ರಯೋಗದಲ್ಲಿ ಕಿಡ್ನಿ ತೀವ್ರವಾಗಿ ಕುಸಿಯುವ, ಡಯಾಲಿಸಿಸ್‌ಗೆ ಹೋಗುವ ಅಥವಾ ಕಿಡ್ನಿ, ಹೃದಯದ ಕಾರಣಕ್ಕೆ ಸಾಯುವ ಅಪಾಯ ಒಟ್ಟಾರೆ ಶೇ 39ರಷ್ಟು ಕಡಿಮೆಯಾಯಿತು. ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು.

ಇಲ್ಲೊಂದು ಗಾಬರಿಯ ಜಾಗವಿದೆ. ಒತ್ತಡ ಇಳಿದರೆ ಸೋಸುವ ಪ್ರಮಾಣವೂ ತುಸು ಇಳಿಯುತ್ತದೆ. ಹಾಗಾಗಿ ಮಾತ್ರೆ ಶುರುವಾದ ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕುವ, ರಕ್ತದಲ್ಲಿ ಅಳೆಯುವ ಕಸ) ಸ್ವಲ್ಪ ಏರಬಹುದು. "ಈ ಮಾತ್ರೆಯಿಂದಲೇ ಕಿಡ್ನಿ ಕೆಡ್ತಿದೆ" ಎಂದು ತಾವೇ ನಿಲ್ಲಿಸಿದವರನ್ನು ನಾನು ಕಂಡಿದ್ದೇನೆ. ಸಣ್ಣ ಏರಿಕೆ ಔಷಧ ಕೆಲಸ ಮಾಡುತ್ತಿರುವುದರ ಗುರುತು. ದೊಡ್ಡದಾದರೆ ವೈದ್ಯರು ನೋಡಬೇಕು. ಮಾತ್ರೆ ಸಾಧು ಎಂದೇನೂ ಅಲ್ಲ. ಸಕ್ಕರೆ ಮೂತ್ರದಲ್ಲಿ ಸೋರುವ ಕಡೆ ಫಂಗಸ್ ಸೋಂಕು ಬರುತ್ತದೆ. ಜ್ವರ, ವಾಂತಿ, ಉಪವಾಸದ ದಿನ ಇದನ್ನು ನಿಲ್ಲಿಸಬೇಕೇ ಎಂದು ಮೊದಲೇ ಕೇಳಿ ಇಟ್ಟುಕೊಂಡಿರಬೇಕು, ಏಕೆಂದರೆ ಆಗ ರಕ್ತದಲ್ಲಿ ಆಮ್ಲ ಏರುವ ಅಪಾಯ ನಿಜವಾದದ್ದು. ಏಕಾದಶಿ ಮಾಡುವ ಅಜ್ಜಿಯಂದಿರ ಮನೆಯಲ್ಲಿ ಇದನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕು.

ಪ್ಯಾಕೆಟ್ಟಿನ ಹಿಂಬದಿ

ಈಗ ಉಪ್ಪಿನ ಪ್ಯಾಕೆಟ್ಟಿಗೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂ ಉಪ್ಪು ಸಾಕು ಎನ್ನುತ್ತದೆ. ಲೋಕದ ಸರಾಸರಿ ಅದರ ಎರಡು ಪಟ್ಟನ್ನು ದಾಟಿದೆ. 2025ರ ಜನವರಿಯಲ್ಲಿ ಅದೇ ಸಂಸ್ಥೆ ಮನೆಯ ಉಪ್ಪಿನ ಬದಲು ಪೊಟ್ಯಾಸಿಯಂ ಬೆರೆಸಿದ ಕಡಿಮೆ ಸೋಡಿಯಂ ಉಪ್ಪನ್ನು ಬಳಸಬಹುದು ಎಂಬ ಮಾರ್ಗಸೂಚಿ ತಂದಿತು. ಇದರ ಬೆನ್ನಿಗೆ ಚೀನಾದ ದೊಡ್ಡ ಪ್ರಯೋಗವೊಂದಿದೆ. 600 ಹಳ್ಳಿಗಳ ಸುಮಾರು 21,000 ಜನ. ಎಲ್ಲರೂ ಮೊದಲೇ ಪಾರ್ಶ್ವವಾಯು ಹೊಡೆದವರು ಅಥವಾ 60 ದಾಟಿದ ಬಿಪಿ ರೋಗಿಗಳು. ಅರ್ಧದಷ್ಟು ಹಳ್ಳಿಗಳಿಗೆ ಶೇ 25ರಷ್ಟು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪು ಕೊಟ್ಟರು. 2021ರಲ್ಲಿ ಫಲಿತಾಂಶ ಬಂದಾಗ ಅಲ್ಲಿ ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಿತ್ತು. ಅಲ್ಲಿಯ ಹಳ್ಳಿಗಳಂತೆ ನಮ್ಮಲ್ಲೂ ಹೆಚ್ಚಿನ ಉಪ್ಪು ಮೈಗೆ ಸೇರುವುದು ಅಡುಗೆಮನೆಯ ಡಬ್ಬಿಯಿಂದ. ಡಬ್ಬಿ ಬದಲಿಸಿದರೆ ಮನೆಮಂದಿಯೆಲ್ಲ ಬದಲಾದಂತೆ. ಹಾಗಾಗಿ ಈ ದಾರಿ ನಮಗೆ ಹೊಂದುತ್ತದೆ ಎಂದೇ ನನ್ನ ಅನಿಸಿಕೆ.

ಅದು ಕೆಲಸ ಮಾಡುವುದು ಬರೀ ಸೋಡಿಯಂ ತಗ್ಗಿದ್ದಕ್ಕಲ್ಲ. ಥಯಾಜೈಡ್ ಬೀಗ ಹಾಕುವ ಆ ಎರಡನೆಯ ಸುರುಳಿ ರಕ್ತದ ಪೊಟ್ಯಾಸಿಯಂ ಮೇಲೆ ಕಣ್ಣಿಟ್ಟಿರುತ್ತದೆ. ಪೊಟ್ಯಾಸಿಯಂ ಕಡಿಮೆಯಾದರೆ ಅದು ಅಲ್ಲಿಯ ಸೋಡಿಯಂ ತೂಬನ್ನು ಜೋರಾಗಿ ತೆರೆಯುತ್ತದೆ. ಕೊನೆಯ ನಾಲೆಯಲ್ಲಿ ಸೋಡಿಯಂ ಒಳಬರುವಾಗ ಪೊಟ್ಯಾಸಿಯಂ ಹೊರಹೋಗುವ ಕೊಡುಕೊಳ್ಳುವಿಕೆ ಇರುವುದರಿಂದ, ಸೋಡಿಯಂ ಅಲ್ಲಿಗೆ ತಲುಪದಂತೆ ಮೊದಲೇ ತಡೆದರೆ ಪೊಟ್ಯಾಸಿಯಂ ಉಳಿಯುತ್ತದೆ ಎಂಬ ಜಾಣತನ ಅದು. ಬೆಲೆ ಮಾತ್ರ ಬಿಪಿಯಲ್ಲಿ. ಪೊಟ್ಯಾಸಿಯಂ ಸಾಕಷ್ಟು ಸಿಕ್ಕರೆ ತೂಬು ಮುಚ್ಚಿಕೊಳ್ಳುತ್ತದೆ, ಉಪ್ಪು ಹೊರಟುಹೋಗುತ್ತದೆ. ಸೊಪ್ಪು, ಹುರುಳಿ, ಬಾಳೆಹಣ್ಣು, ಎಳನೀರು ಕಡಿಮೆಯಾಗಿ ಬಿಳಿ ಅಕ್ಕಿ, ಮೈದಾ ಹೆಚ್ಚಾದ ಊಟದಲ್ಲಿ ಅದೇ ಉಪ್ಪು ಹೆಚ್ಚು ಕೇಡು ಮಾಡುತ್ತದೆ. ಬಸ್ಸಾರು ಮುದ್ದೆಗೂ ಬ್ರೆಡ್ಡು ಜಾಮಿಗೂ ಇರುವ ಅಂತರ ಉಪ್ಪಿನದಷ್ಟೇ ಅಲ್ಲ. ಅಂದ ಹಾಗೆ, ಗುಲಾಬಿ ಬಣ್ಣದ ಹಿಮಾಲಯದ ಉಪ್ಪಿಗೆ ಈ ಗುಣ ಯಾವುದೂ ಇಲ್ಲ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಬೆಲೆ ಹೆಚ್ಚು, ಅಯೋಡಿನ್ ನಂಬುವಂತಿಲ್ಲ.

ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗೆ ಒಂದು ಬಾಲವಿದೆ, ಜಾಹೀರಾತಿನಲ್ಲಿ ಅದು ಕಾಣುವುದಿಲ್ಲ. ಕಿಡ್ನಿ ಕುಂದಿದವರು, ಗರ್ಭಿಣಿಯರು, ಮಕ್ಕಳು ಇದರಿಂದ ಹೊರಗೆ. ಪೊಟ್ಯಾಸಿಯಂ ಹೊರಹೋಗುವ ಮುಖ್ಯ ಬಾಗಿಲು ಆ ಕೊನೆಯ ನಾಲೆ. ಕಿಡ್ನಿ ಸೊರಗಿದ್ದರೆ ಬಾಗಿಲು ಕಿರಿದು. ಸ್ಪೈರೊನೊಲ್ಯಾಕ್ಟೋನ್ ಎಂಬ ಮಾತ್ರೆ ನುಂಗುವವರಲ್ಲಿ ನೀರುಗಂಟಿಯ ಕೈ ಕಟ್ಟಿದೆ. ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ರಾಮಿಪ್ರಿಲ್ ಎಂಬ ಬಿಪಿ ಮಾತ್ರೆ ನುಂಗುವವರಲ್ಲಿ ನೀರುಗಂಟಿಗೆ ಹೋಗುವ ಕರೆಯೇ ಅರ್ಧ. ಇಂಥವರಿಗೆ ಪೊಟ್ಯಾಸಿಯಂ ಉಪ್ಪನ್ನು ತಟ್ಟೆ ತಟ್ಟೆಗೂ ಬಡಿಸಿದರೆ ಅದು ರಕ್ತದಲ್ಲಿ ಶೇಖರವಾಗುತ್ತದೆ, ಹೆಚ್ಚಾದರೆ ಹೃದಯದ ಬಡಿತವನ್ನೇ ತಪ್ಪಿಸುತ್ತದೆ. ಮುನ್ಸೂಚನೆ ಇಲ್ಲವೆನ್ನುವಷ್ಟು. ನಮ್ಮಲ್ಲಿ ಕಿಡ್ನಿ ಸೊರಗಿದೆ ಎಂದು ಗೊತ್ತಿಲ್ಲದವರೇ ಜಾಸ್ತಿ ಇರುವುದರಿಂದ, ಇದನ್ನು ಪ್ಯಾಕೆಟ್ಟಿನ ಹಿಂಬದಿಯ ಇರುವೆ ಅಕ್ಷರಕ್ಕೆ ಬಿಟ್ಟಿರುವುದು ನನಗಂತೂ ಸರಿ ಕಾಣುವುದಿಲ್ಲ. ಮುಂಬದಿಯಲ್ಲಿ, ಕನ್ನಡದಲ್ಲಿ, ದಪ್ಪಗೆ ಬರಬೇಕು.

ಇದನ್ನು ಇಷ್ಟು ಖಾರವಾಗಿ ಹೇಳಲು ಕಾರಣವಿದೆ. ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ದೊಡ್ಡಮ್ಮ ಹೆಮ್ಮೆಯಿಂದ ಡಬ್ಬಿ ತಂದು ತೋರಿಸಿದರು. "ಭರಣಿ ಬಚ್ಚಿಟ್ಟಿದ್ದು ಸಾಲ್ದು ಅಂತ ಉಪ್ಪೇ ಬದಲಾಯಿಸ್ಬಿಟ್ಟೆ ಕಣೋ. ಮಗಳು ಬೆಂಗಳೂರಿಂದ ತಂದಳು." ಲೋ ಸೋಡಿಯಂ. ದೊಡ್ಡಪ್ಪನ ಮಾತ್ರೆ ಟೆಲ್ಮಿಸಾರ್ಟಾನ್, ಡ್ರಾಯರಿನಲ್ಲಿ ನೋವಿನ ಮಾತ್ರೆ, ಶುಗರ್ ಆರು ವರ್ಷದ್ದು. ರಿಪೋರ್ಟಿನ ಹಾಳೆ ಮತ್ತೆ ತರಿಸಿದೆ. ಸೋಡಿಯಂ ಸಾಲಿನ ಕೆಳಗೆ ಪೊಟ್ಯಾಸಿಯಂ 5.4, ಪಕ್ಕದಲ್ಲಿ ದಪ್ಪ ಅಕ್ಷರದ 'ಎಚ್', ಅಂದರೆ ಹೆಚ್ಚು. ಅದರ ಕೆಳಗೆ ಕ್ರಿಯಾಟಿನಿನ್ 1.6, ಅದೂ ಹೆಚ್ಚೇ. ದೊಡ್ಡಪ್ಪ ಆ ಎರಡು ಸಾಲು ಓದಿರಲೇ ಇಲ್ಲ.

ಸಂಜೆಯೇ ಡಾಕ್ಟರಿಗೆ ಫೋನು ಮಾಡಿದೆವು. ಡಬ್ಬಿಯ ಉಪ್ಪು ಬಂದ್, ನೋವಿನ ಮಾತ್ರೆ ಬಂದ್, ನಾಲ್ಕು ದಿನಕ್ಕೆ ಮತ್ತೆ ರಕ್ತಪರೀಕ್ಷೆ, ಉಪ್ಪು ಹಳೆಯದೇ ಇರಲಿ, ಅರ್ಧ ಹಾಕಿ ಎಂದರು. ಪೊಟ್ಯಾಸಿಯಂ 4.8ಕ್ಕೆ ಇಳಿಯಿತು. ಅರ್ಧ ಉಪ್ಪಿನ ಸಾರನ್ನು ದೊಡ್ಡಪ್ಪ ಎರಡು ವಾರ ಬೈದುಕೊಂಡು ಉಂಡರು, ಈಗ ಸುಮ್ಮನಿದ್ದಾರಂತೆ. ಭರಣಿ ಇನ್ನೂ ಬೀರುವಿನಲ್ಲೇ ಇದೆ. ಬೀಗದ ಕೈ ಎಲ್ಲಿದೆ ಎಂದು ಅವರಿಗೆ ಮೊದಲಿನಿಂದಲೂ ಗೊತ್ತು.